ಏರಿ, ಇಳುಕಲು ಮತ್ತು ಗೇರ್ ಇಳಿಸುವ ಹದ

ಕೈಯಿಂದ ಗೇರ್ ಬದಲಿಸುವ ಕಾರಿನಲ್ಲಿ ಗೇರ್ ಏರಿಸುವುದು ಬಹುಬೇಗ ಕೈಗೆ ಹತ್ತುವ ಕೆಲಸವಾದರೆ, ಗೇರ್ ಇಳಿಸುವುದು, ಅದರಲ್ಲಿಯೂ ಮೂರರಿಂದ ಎರಡಕ್ಕೆ ಮತ್ತು ಎರಡರಿಂದ ಒಂದಕ್ಕೆ, ಗಾಡಿ ಕುಕ್ಕದಂತೆ, ಒಳಗೆ ಕುಳಿತವರ ತಲೆ ಮುಂದಕ್ಕೆ ವಾಲದಂತೆ ಇಳಿಸುವುದು ವರ್ಷಗಟ್ಟಲೆ ಸ್ಟೀರಿಂಗ್ ಹಿಡಿದವರಿಗೂ ಪೂರ್ತಿ ಒಲಿಯದ ವಿದ್ಯೆಯಾಗಿ ಉಳಿದಿದೆ. ಇದಕ್ಕೆ ಕಾರಣ ಕೈಯ ಒರಟುತನವಲ್ಲ, ಯಂತ್ರದ ಸ್ವಭಾವ. ಗೇರ್ ಏರಿಸುವಾಗ ಎಂಜಿನ್ನಿನ ವೇಗ ತಗ್ಗಬೇಕಾಗಿರುತ್ತದೆ. ಚಾಲಕ ಎಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಅದು ತಾನಾಗಿಯೇ ತಗ್ಗುತ್ತದೆ. ಗೇರ್ ಇಳಿಸುವಾಗ ಎಂಜಿನ್ನಿನ ವೇಗ ಹೆಚ್ಚಬೇಕು, ಆದರೆ ಆ ಗಳಿಗೆಯಲ್ಲಿ ಚಾಲಕನ ಕಾಲು ಎಕ್ಸಿಲರೇಟರಿನ ಮೇಲೆ ಇರುವುದಿಲ್ಲ, ಹಾಗಾಗಿ ವೇಗ ಇಳಿಯುತ್ತಲೇ ಹೋಗುತ್ತದೆ. ಒಂದು ಕೆಲಸದಲ್ಲಿ ಯಂತ್ರ ಚಾಲಕನ ಜೊತೆಗಿರುತ್ತದೆ, ಇನ್ನೊಂದರಲ್ಲಿ ಅವನಿಗೆ ಎದುರಾಗಿ ನಡೆಯುತ್ತದೆ.

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಗೆ ಹೊರಡುವ ರಸ್ತೆಗಳನ್ನು ನಕಾಶೆಯ ಮೇಲೆ ಮಾತ್ರ ನೋಡಿದವರಿಗೆ, ಇಲ್ಲಿ ಕೆಳಗಿನ ಗೇರುಗಳಿಗೆ ಏನು ಕೆಲಸ ಎಂಬ ಸಂಶಯ ಬರುವುದು ಸಹಜ. ಎರಿ ಹೊಲಗಳ, ಅಂದರೆ ಕಪ್ಪು ಮಣ್ಣಿನ ಹೊಲಗಳ ನಡುವೆ ಹಾದುಹೋಗುವ ಈ ಬಯಲುಸೀಮೆಯ ರಸ್ತೆಗಳಲ್ಲಿ ಪಶ್ಚಿಮ ಘಟ್ಟದ ತಿರುವುಗಳಿಲ್ಲ. ಆದರೆ ಗೇರ್ ಇಳಿಸುವ ಸಂದರ್ಭಗಳನ್ನು ಎಣಿಸುತ್ತ ಹೋದರೆ ಲೆಕ್ಕ ಬೇರೆಯಾಗುತ್ತದೆ. ಪ್ರತಿಯೊಂದು ಊರಿನ ಆರಂಭದಲ್ಲಿ ಮತ್ತು ಕೊನೆಯಲ್ಲಿ ಹಂಪುಗಳಿವೆ. ಶಾಲೆಯ ಮುಂದೆ, ಬಸ್ ನಿಲ್ದಾಣದ ಮುಂದೆ ಮತ್ತೆ ಹಂಪುಗಳಿವೆ. ಮೇವು ಹೇರಿಕೊಂಡು ರಸ್ತೆಯ ಅರ್ಧವನ್ನು ಆಕ್ರಮಿಸಿ ಸಾಗುವ ಚಕ್ಕಡಿಗಳಿವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಂಡರಗಿ ತಾಲ್ಲೂಕಿನ ಗಂಗಾಪುರದ ಸಕ್ಕರೆ ಕಾರ್ಖಾನೆಯ ಕಡೆಗೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳಿವೆ. ಸಂಜೆ ಹಟ್ಟಿಗೆ ಮರಳುವ ಕುರಿ ಹಿಂಡುಗಳಿವೆ. ಇವೆಲ್ಲದರ ನಡುವೆ, ಗದಗ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ತನಕ ಸುಮಾರು 60 ಕಿ.ಮೀ. ಉದ್ದಕ್ಕೆ ಮಲಗಿರುವ ಕಪ್ಪತಗುಡ್ಡವಿದೆ. ಘಟ್ಟದ ಚಾಲಕ ಏರಿಯನ್ನು ದೂರದಿಂದಲೇ ಕಂಡು ಸಿದ್ಧನಾಗಿರುತ್ತಾನೆ. ಬಯಲಿನ ಚಾಲಕನಿಗೆ ಎಂಬತ್ತರ ವೇಗದಿಂದ ಇಪ್ಪತ್ತಕ್ಕೆ ಇಳಿಯುವ ಪ್ರಸಂಗ ಪ್ರತಿ ಊರಿನಲ್ಲಿಯೂ ಎದುರಾಗುತ್ತದೆ. ಗೇರ್ ಇಳಿಸುವ ಹದವನ್ನು ಕಲಿಯಬೇಕಾದವರಲ್ಲಿ ಬಯಲಿನವನೇ ಮೊದಲಿಗ ಎನ್ನುವುದಕ್ಕೆ ಇಷ್ಟು ಸಾಕು.

ಗೇರ್ ಅನುಪಾತವೆಂದರೆ, ಗೇರ್ ಪೆಟ್ಟಿಗೆಯಿಂದ ಹೊರಬರುವ ದಂಡ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ. ಐದು ಗೇರುಗಳ ಒಂದು ಸಣ್ಣ ಪೆಟ್ರೋಲ್ ಕಾರಿನಲ್ಲಿ ಇದು ಮೊದಲನೆಯ ಗೇರಿಗೆ ಸುಮಾರು 3.5, ಎರಡಕ್ಕೆ 1.9, ಮೂರಕ್ಕೆ 1.3, ನಾಲ್ಕಕ್ಕೆ 0.97, ಐದಕ್ಕೆ 0.76ರಷ್ಟು ಇರುತ್ತದೆ, ಆಮೇಲೆ ಗಾಲಿಗಳನ್ನು ತಲುಪುವ ಮುನ್ನ ಡಿಫರೆನ್ಶಿಯಲ್ಲಿನಲ್ಲಿ ಇನ್ನೂ ಸುಮಾರು 4.1 ಪಟ್ಟು ಇಳಿತವಾಗುತ್ತದೆ. ಒಂದು ಸುತ್ತಿಗೆ 1.8 ಮೀಟರ್ ಸಾಗುವ ಗಾಲಿಯನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಐದನೇ ಗೇರಿನಲ್ಲಿ ಸುಮಾರು 870, ನಾಲ್ಕರಲ್ಲಿ 1,100, ಮೂರರಲ್ಲಿ 1,480, ಎರಡರಲ್ಲಿ 2,160, ಒಂದರಲ್ಲಿ 3,990 ಸುತ್ತು ತಿರುಗಬೇಕಾಗುತ್ತದೆ. ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಕೆಳಗಿನ ಗೇರುಗಳು ಏಕೆ ಕುಕ್ಕುತ್ತವೆ ಎಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಐದರಿಂದ ನಾಲ್ಕಕ್ಕೆ ಬಂದಾಗ ಎಂಜಿನ್ 1.28 ಪಟ್ಟು ವೇಗವಾಗಿ ತಿರುಗಿದರೆ ಸಾಕು; ನಾಲ್ಕರಿಂದ ಮೂರಕ್ಕೆ 1.34 ಪಟ್ಟು, ಮೂರರಿಂದ ಎರಡಕ್ಕೆ 1.46 ಪಟ್ಟು, ಎರಡರಿಂದ ಒಂದಕ್ಕೆ ಮಾತ್ರ ಒಮ್ಮೆಲೇ 1.84 ಪಟ್ಟು. ಮೆಟ್ಟಿಲುಗಳು ಕೆಳಗೆ ಬಂದಂತೆ ಎತ್ತರವಾಗುತ್ತ ಹೋಗುತ್ತವೆ, ಕೊನೆಯ ಮೆಟ್ಟಿಲು ಎಲ್ಲಕ್ಕಿಂತ ಎತ್ತರದ್ದು. ಮೇಲಿನ ಗೇರುಗಳಲ್ಲಿ ಹೇಗೋ ನಡೆದುಹೋಗುವ ಅಜಾಗರೂಕತೆ ಕೆಳಗಿನ ಗೇರುಗಳಲ್ಲಿ ನಡೆಯದಿರುವುದಕ್ಕೆ ಕಾರಣ ಇದೇ.

ಇಲ್ಲಿ ಬಹಳ ಮಂದಿ ಬೆರೆಸಿಕೊಳ್ಳುವ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಗೇರ್ ಇಳಿಸುವಾಗ ಹೊಂದಿಕೆಯಾಗಬೇಕಾದ ವೇಗಗಳು ಒಂದಲ್ಲ, ಎರಡು ಕಡೆ ಇವೆ. ಮೊದಲನೆಯದು ಗೇರ್ ಪೆಟ್ಟಿಗೆಯ ಒಳಗೆ. ಕ್ಲಚ್ ಒತ್ತಿದಾಗ ಎಂಜಿನ್ನಿನಿಂದ ಬೇರ್ಪಟ್ಟ ಕ್ಲಚ್ ಪ್ಲೇಟು ಮತ್ತು ಅದಕ್ಕೆ ಸೇರಿದ ದಂಡ ಹಿಂದಿನ ಗೇರಿನ ವೇಗದಲ್ಲೇ ತಿರುಗುತ್ತಿರುತ್ತವೆ, ಅವು ಹೊಸ ಗೇರಿನ ವೇಗಕ್ಕೆ ಬಂದ ಹೊರತು ಹಲ್ಲುಗಳು ಒಂದರೊಳಗೊಂದು ಕೂರುವುದಿಲ್ಲ. ಎರಡನೆಯದು ಗೇರ್ ಪೆಟ್ಟಿಗೆಯ ಹೊರಗೆ, ಎಂಜಿನ್ನಿನ ಫ್ಲೈವೀಲ್ ಮತ್ತು ಕ್ಲಚ್ ಪ್ಲೇಟುಗಳ ನಡುವೆ. ಗೇರ್ ಸದ್ದಿಲ್ಲದೆ ಬಿದ್ದಿದ್ದರೂ, ಎಂಜಿನ್ 800 ಸುತ್ತಿನ ಐಡ್ಲಿಂಗಿಗೆ ಇಳಿದಿದ್ದು ಕ್ಲಚ್ ಪ್ಲೇಟು 2,160 ಸುತ್ತು ತಿರುಗುತ್ತಿದ್ದರೆ, ಕ್ಲಚ್ ಬಿಟ್ಟ ಗಳಿಗೆಯಲ್ಲಿ ಆ ವ್ಯತ್ಯಾಸವನ್ನೆಲ್ಲ ಗಾಲಿಗಳೇ ತುಂಬಿಕೊಡಬೇಕಾಗುತ್ತದೆ, ಅಂದರೆ ಓಡುತ್ತಿರುವ ಗಾಡಿ ತನ್ನ ವೇಗವನ್ನು ಖರ್ಚು ಮಾಡಿ ಎಂಜಿನ್ನನ್ನು ಎಳೆದು ಎಬ್ಬಿಸಬೇಕಾಗುತ್ತದೆ. ಪ್ರಯಾಣಿಕರ ತಲೆ ಮುಂದಕ್ಕೆ ಬಾಗುವುದು ಆಗ. ಲಿವರ್ ಸಲೀಸಾಗಿ ಬಿತ್ತೆಂದು ಸಮಾಧಾನಪಡುವ ಚಾಲಕ ಕೆಲಸದ ಅರ್ಧವನ್ನಷ್ಟೇ ಮಾಡಿದ್ದಾನೆ, ಉಳಿದರ್ಧ ಅವನ ಬಲಗಾಲಿಗೆ ಸೇರಿದ್ದು.

ಮೊದಲ ಅರ್ಧವನ್ನು ಇಂದಿನ ಕಾರುಗಳಲ್ಲಿ ಸಿಂಕ್ರೊಮೆಶ್ ಎಂಬ ವ್ಯವಸ್ಥೆ ನೋಡಿಕೊಳ್ಳುತ್ತದೆ. ಪ್ರತಿಯೊಂದು ಗೇರಿನ ಪಕ್ಕದಲ್ಲಿ ಶಂಕುವಿನ ಆಕಾರದ ಒಳಮೈಯುಳ್ಳ, ಸಾಮಾನ್ಯವಾಗಿ ಹಿತ್ತಾಳೆಯ, ಒಂದು ಉಂಗುರವಿರುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ಸಿಂಕ್ರೊ ರಿಂಗ್ ಎನ್ನುತ್ತಾರೆ. ಚಾಲಕ ಲಿವರನ್ನು ತಳ್ಳಿದಾಗ ಈ ಉಂಗುರ ಗೇರಿನ ಶಂಕುವಿನ ಮೇಲೆ ಒತ್ತಿ, ಉಜ್ಜಿ, ಎರಡರ ವೇಗವನ್ನು ಒಂದು ಮಾಡುತ್ತದೆ, ವೇಗ ಒಂದಾಗುವ ತನಕ ಲಿವರ್ ಮುಂದೆ ಹೋಗದಂತೆ ತಡೆಯುತ್ತದೆ. ಲಿವರಿನ ಹಾದಿಯಲ್ಲಿ ನಡುವೆ ಕ್ಷಣಮಾತ್ರ ಕೈಗೆ ತಾಕುವ ಆ ತಡೆ ದೋಷವಲ್ಲ, ಕೆಲಸ ನಡೆಯುತ್ತಿದೆ ಎಂಬ ಸೂಚನೆ. ಆ ಗಳಿಗೆಯಲ್ಲಿ ಕೈ ಒಂದೇ ಸಮನಾದ ಮೆದು ಒತ್ತಡದಿಂದ ಕಾದರೆ ಗೇರ್ ತಾನಾಗಿ ಒಳಗೆ ಜಾರುತ್ತದೆ. ಗುದ್ದಿದರೆ ಉಂಗುರ ಸವೆಯುತ್ತದೆ, ಸವೆದ ಮೇಲೆ ಕಿರ್ರೆಂಬ ಸದ್ದು ಕಾಯಂ ಆಗುತ್ತದೆ. ಕೆಳಗಿನ ಗೇರುಗಳಲ್ಲಿ ಈ ಉಂಗುರದ ಮೇಲೆ ಬೀಳುವ ಹೊರೆ ಬಹಳ ಹೆಚ್ಚಾಗಿರುವುದರಿಂದ ಹಲವು ಕಾರುಗಳಲ್ಲಿ ಒಂದು ಮತ್ತು ಎರಡನೇ ಗೇರುಗಳಿಗೆ ಎರಡು ಅಥವಾ ಮೂರು ಶಂಕುಗಳ ಉಂಗುರಗಳನ್ನೇ ಇಟ್ಟಿರುತ್ತಾರೆ.

ಈ ವ್ಯವಸ್ಥೆ ಕಾರುಗಳಿಗೆ ಮೊದಲು ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಂಪನಿಯ ಗಾಡಿಗಳಲ್ಲಿ. ಭಾರತದ ರಸ್ತೆಗಳಿಗೆ ಅದು ಪೂರ್ತಿಯಾಗಿ ಇಳಿಯಲು ಬಹಳ ಕಾಲ ಹಿಡಿಯಿತು. ಅಂಬಾಸಿಡರ್ ಕಾರಿನ ನಾಲ್ಕು ಗೇರಿನ ಹಳೆಯ ಪೆಟ್ಟಿಗೆಯಲ್ಲಿ ಎರಡು, ಮೂರು, ನಾಲ್ಕನೇ ಗೇರುಗಳಿಗೆ ಸಿಂಕ್ರೊಮೆಶ್ ಇತ್ತು, ಒಂದಕ್ಕೆ ಇರಲಿಲ್ಲ. ಆದ್ದರಿಂದ ಓಡುವ ಗಾಡಿಯನ್ನು ಎರಡರಿಂದ ಒಂದಕ್ಕೆ ತರಬೇಕಾದರೆ ಪೂರ್ತಿ ನಿಲ್ಲಿಸಬೇಕಿತ್ತು, ಇಲ್ಲವೇ ಎರಡು ಸಲ ಕ್ಲಚ್ ಒತ್ತಿ ಗೇರ್ ಇಳಿಸುವ ಡಬಲ್ ಕ್ಲಚ್ ಹೊಡೆಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂದಕ್ಕೆ ಹೋಗುವ ನಾಲ್ಕೂ ಗೇರುಗಳಿಗೆ ಸಿಂಕ್ರೊಮೆಶ್ ಹೊತ್ತು ಬಂದು ಮನೆಮನೆಯವರನ್ನೂ ಚಾಲಕರನ್ನಾಗಿಸಿತು, ಜೊತೆಗೆ ಡಬಲ್ ಕ್ಲಚ್ ಎಂಬ ಮಾತನ್ನು ಒಂದು ಪೀಳಿಗೆಯ ಬಾಯಿಂದ ಅಳಿಸಿಯೂ ಹಾಕಿತು.

ಲಾರಿ ಮತ್ತು ಬಸ್ಸುಗಳಲ್ಲಿ ಆ ವಿದ್ಯೆ ಇನ್ನೂ ಕೆಲವು ಕಾಲ ಬಾಳಿತು, ಅದರಲ್ಲಿಯೂ ಗದಗಿನಂಥ ಸರಕು ಸಾಗಣೆಯ ಊರಿನಲ್ಲಿ. ಹತ್ತಿ, ಶೇಂಗಾ, ಮೆಣಸಿನಕಾಯಿಗಳ ಪೇಟೆಯಾಗಿ ಬೆಳೆದ ಈ ಊರಿನಲ್ಲಿ ವಿಜಯ ಸಂಕೇಶ್ವರ ಅವರು 1976ರಲ್ಲಿ ಒಂದೇ ಲಾರಿಯಿಂದ ಸಾಗಣೆ ವ್ಯವಹಾರ ಆರಂಭಿಸಿದ್ದು, ಅದು ಮುಂದೆ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಿಆರ್‌ಎಲ್ ಸಂಸ್ಥೆಯಾಗಿ ಬೆಳೆದದ್ದು ನಾಡಿಗೆ ತಿಳಿದ ಸಂಗತಿ. ಆ ಕಾಲದ ಭಾರದ ಗಾಡಿಗಳ ಪೆಟ್ಟಿಗೆಗಳು ಬಹುಪಾಲು ಸಿಂಕ್ರೊಮೆಶ್ ಇಲ್ಲದವು. ಅವುಗಳಲ್ಲಿ ಗೇರ್ ಇಳಿಸುವ ಕ್ರಮ ಹೀಗಿತ್ತು: ಕ್ಲಚ್ ಒತ್ತಿ ಲಿವರನ್ನು ನ್ಯೂಟ್ರಲ್ಲಿಗೆ ತರುವುದು, ಅಲ್ಲಿ ಕ್ಲಚ್ ಬಿಟ್ಟು ಎಕ್ಸಿಲರೇಟರನ್ನು ಒಮ್ಮೆ ತುಳಿದು, ಚಾಲಕರ ಮಾತಿನಲ್ಲಿ ರೇಸ್ ಕೊಟ್ಟು, ಎಂಜಿನ್ನಿನ ಜೊತೆಗೆ ಪೆಟ್ಟಿಗೆಯ ಒಳದಂಡವನ್ನೂ ವೇಗಕ್ಕೆ ತರುವುದು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕುವುದು, ಕ್ಲಚ್ ಬಿಡುವುದು. ಎರಡು ಸಲ ಕ್ಲಚ್ ಒತ್ತುವುದರಿಂದ ಇದು ಡಬಲ್ ಕ್ಲಚ್. ಎಷ್ಟು ರೇಸ್ ಬೇಕೆಂಬುದನ್ನು ಹೇಳುವ ಮೀಟರ್ ಇರುತ್ತಿರಲಿಲ್ಲ, ಕಿವಿಯೇ ಮೀಟರು. ಸಿಂಕ್ರೊಮೆಶ್ ಈ ಕ್ರಮದ ಒಂದು ಭಾಗವನ್ನು, ಅಂದರೆ ನಡುವೆ ಕ್ಲಚ್ ಬಿಡುವುದನ್ನು, ಅನಗತ್ಯವಾಗಿಸಿದೆ ನಿಜ. ರೇಸ್ ಕೊಡುವುದನ್ನು ಅದು ಅನಗತ್ಯವಾಗಿಸಿಲ್ಲ. ಕಾರು ಬಂದ ಮೇಲೆ ಎರಡನ್ನೂ ಒಟ್ಟಿಗೆ ಕೈಬಿಟ್ಟದ್ದೇ ಇಂದಿನ ಕುಕ್ಕಾಟದ ಮೂಲವೆಂದು ಹೇಳಲು ಅಡ್ಡಿಯಿಲ್ಲ.

ಊರೊಂದರ ಆರಂಭದ ಹಂಪನ್ನು ಉದಾಹರಣೆಗೆ ತೆಗೆದುಕೊಂಡು ಇಡೀ ಕ್ರಿಯೆಯನ್ನು ನಿಧಾನವಾಗಿ ನೋಡಬಹುದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ಆ ಅಳತೆಯ ಹಂಪುಗಳು ಹಳ್ಳಿಯ ರಸ್ತೆಗಳಲ್ಲಿ ಅಪರೂಪ, ಬಹುತೇಕ ಕಡೆ ಅವು ಕಡಿದಾಗಿರುತ್ತವೆ, ಬಣ್ಣವೂ ಅಳಿದಿರುತ್ತದೆ. ಆದರೆ ಲೆಕ್ಕಕ್ಕೆ ಆ 25ನ್ನೇ ಇಟ್ಟುಕೊಳ್ಳಬಹುದು. ಮೇಲೆ ಹೇಳಿದ ಕಾರು ಆ ವೇಗದಲ್ಲಿ ಮೂರನೇ ಗೇರಿನಲ್ಲಿ ಸುಮಾರು 1,230 ಸುತ್ತು, ಎರಡರಲ್ಲಿ 1,800 ಸುತ್ತು ತಿರುಗುತ್ತದೆ. ಮೂರರಲ್ಲಿ ಹಂಪು ಏರಿದರೆ ಎಂಜಿನ್ನಿಗೆ ಜಗ್ಗುವ ಶಕ್ತಿ ಇರುವುದಿಲ್ಲ, ಗಾಡಿ ನಡುಗುತ್ತದೆ. ಆದ್ದರಿಂದ ಎರಡೇ ಸರಿಯಾದ ಗೇರು.

ಐದನೇ ಗೇರಿನಲ್ಲಿ 70ರ ವೇಗದಲ್ಲಿ ಬರುತ್ತಿರುವ ಚಾಲಕ ಹಂಪನ್ನು ಕಂಡೊಡನೆ ಮಾಡಬೇಕಾದ ಮೊದಲ ಕೆಲಸ ಬ್ರೇಕ್ ಒತ್ತುವುದು, ಗೇರ್ ಹುಡುಕುವುದಲ್ಲ. ಗಾಡಿಯನ್ನು ನಿಧಾನಗೊಳಿಸಲು ಇರುವ ಸಾಧನ ಬ್ರೇಕು. ನಿಧಾನಗೊಂಡ ಗಾಡಿಗೆ ತಕ್ಕ ಬಲವನ್ನು ಒದಗಿಸಲು ಇರುವುದು ಗೇರು. ಬ್ರೇಕಿನಿಂದ ವೇಗ 30ರ ಸಮೀಪಕ್ಕೆ ಬಂದ ಮೇಲೆ, ಎಂಜಿನ್ ನಡುಗಲು ಆರಂಭಿಸುವ ಮೊದಲೇ, ಕ್ಲಚ್ಚನ್ನು ಪೂರ್ತಿಯಾಗಿ, ನೆಲಕ್ಕೆ ಮುಟ್ಟುವಷ್ಟು ಒತ್ತಿ, ಲಿವರನ್ನು ಎರಡನೆಯ ಗೇರಿನ ಕಡೆಗೆ ಎರಡು ಬೆರಳುಗಳ ಬಲದಲ್ಲಿ ಒಯ್ಯಬೇಕು. ಅದೇ ಹೊತ್ತಿಗೆ ಬ್ರೇಕಿನಿಂದ ತೆಗೆದ ಬಲಗಾಲು ಎಕ್ಸಿಲರೇಟರನ್ನು ಒಮ್ಮೆ ಮೆಲ್ಲಗೆ ತಟ್ಟಿ ಎಂಜಿನ್ನನ್ನು ಎರಡು ಸಾವಿರದ ಆಸುಪಾಸಿಗೆ ತರಬೇಕು. ಆ ಸದ್ದು ಇಳಿಯುವ ಮುನ್ನ ಕ್ಲಚ್ಚನ್ನು ಬಿಡಬೇಕು. ಬಿಡುವಾಗಲೂ ಒಂದು ಸೂಕ್ಷ್ಮವಿದೆ. ಪೆಡಲು ಮೇಲೆ ಬರುವ ಹಾದಿಯಲ್ಲಿ ಕ್ಲಚ್ ಹಿಡಿಯಲು ಆರಂಭಿಸುವ ಒಂದು ಬಿಂದು ಇರುತ್ತದೆ. ಅಲ್ಲಿಯವರೆಗೆ ಕಾಲು ಬೇಗ ಬರಬಹುದು, ಅಲ್ಲಿ ಅರೆಕ್ಷಣ ನಿಲ್ಲಬೇಕು, ಆಮೇಲೆ ಪೂರ್ತಿ ಬಿಡಬಹುದು. ಬಲಗಾಲು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರೆ ಆ ಅರೆಕ್ಷಣದಲ್ಲಿ ಏನೂ ಆಗುವುದಿಲ್ಲ. ಗಾಡಿಯ ಓಟದಲ್ಲಿ ಯಾವ ಬದಲಾವಣೆಯೂ ತಿಳಿಯದೆ, ಎಂಜಿನ್ನಿನ ಸ್ವರ ಮಾತ್ರ ಏರಿರುತ್ತದೆ. ಡ್ಯಾಶ್‌ಬೋರ್ಡಿನ ಮೇಲಿಟ್ಟ ನಿಂಬೆಹಣ್ಣು ಅಲುಗದಿದ್ದರೆ ಗೇರ್ ಇಳಿದದ್ದು ಸರಿ ಎಂದು ತಿಳಿಯಬಹುದು.

ಬ್ರೇಕ್ ಒತ್ತುತ್ತಲೇ ಅದೇ ಪಾದದ ಅಂಚಿನಿಂದ ಎಕ್ಸಿಲರೇಟರನ್ನೂ ತಟ್ಟುವ ಒಂದು ವಿಧಾನ ಪಂದ್ಯದ ಚಾಲಕರಲ್ಲಿ ಇದೆ. ಊರ ರಸ್ತೆಗಳಲ್ಲಿ ಅದರ ಅಗತ್ಯವಿಲ್ಲ, ಅಭ್ಯಾಸವಿಲ್ಲದ ಕಾಲಿಗೆ ಅದು ಅಪಾಯಕಾರಿಯೂ ಹೌದು. ಇಲ್ಲಿ ಬೇಕಾದದ್ದು ಮುಂದಾಲೋಚನೆಯಿಂದ ಸಿಗುವ ಎರಡು ಸೆಕೆಂಡುಗಳ ಬಿಡುವು ಮಾತ್ರ. ಐದರಿಂದ ನೇರವಾಗಿ ಎರಡಕ್ಕೆ ಬರಬಹುದೇ ಎಂಬ ಪ್ರಶ್ನೆಯನ್ನು ಕಲಿಯುವವರು ಕೇಳುವುದುಂಟು. ವೇಗ ಇಳಿದಿದ್ದರೆ ಖಂಡಿತ ಬರಬಹುದು. ನಡುವಿನ ಗೇರುಗಳನ್ನು ಒಂದೊಂದಾಗಿ ಮುಟ್ಟಲೇಬೇಕೆಂಬುದು ಹಳೆಯ ಬ್ರೇಕುಗಳ ಕಾಲದ ಶಿಸ್ತು. ವೇಗ ಇಳಿಯದಿದ್ದಾಗ ಮಾತ್ರ ಎರಡನೇ ಗೇರು ಕಾರಿಗೆ ಮಾರಕ. 100ರ ವೇಗದಲ್ಲಿ ಓಡುವಾಗ ಐದರಿಂದ ನಾಲ್ಕಕ್ಕೆ ಎಳೆಯಬೇಕಾದ ಲಿವರು ಅವಸರದಲ್ಲಿ ಎಡಕ್ಕೆ ವಾಲಿ ಎರಡಕ್ಕೆ ಬಿದ್ದು ಕ್ಲಚ್ ಬಿಟ್ಟರೆ ಎಂಜಿನ್ 7,200 ಸುತ್ತಿಗೆ ಎಳೆಯಲ್ಪಡುತ್ತದೆ. ಇಂಧನ ಕಡಿದು ವೇಗವನ್ನು ಮಿತಿಗೊಳಿಸುವ ಕಂಪ್ಯೂಟರು ಅದನ್ನು ತಡೆಯಲಾರದು, ಏಕೆಂದರೆ ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಇಂಧನವಲ್ಲ, ಗಾಲಿಗಳು.

ಎರಡರಿಂದ ಒಂದಕ್ಕೆ ಇಳಿಯುವುದು ಪ್ರತ್ಯೇಕವಾಗಿ ವಿಚಾರಿಸಬೇಕಾದ ವಿಷಯ. 20ರ ವೇಗದಲ್ಲಿ ಎರಡನೆಯ ಗೇರಿನಲ್ಲಿ ಎಂಜಿನ್ 1,440 ಸುತ್ತು ನೆಮ್ಮದಿಯಿಂದ ತಿರುಗುತ್ತಿರುತ್ತದೆ. ಒಂದಕ್ಕೆ ಹಾಕಿದರೆ ಅದು 2,660ಕ್ಕೆ ಏರಬೇಕು. ಈ ಏರಿಕೆಯ ಹೊರೆಯನ್ನು ಸಿಂಕ್ರೊ ರಿಂಗಿನ ಮೇಲೆ ಹೇರಿದಾಗ ಲಿವರ್ ಗೋಡೆಗೆ ತಾಕಿದಂತೆ ನಿಲ್ಲುತ್ತದೆ, ಹೊಸ ಕಾರಿನಲ್ಲಿಯೂ ನಿಲ್ಲುತ್ತದೆ. ಅಲ್ಲಿ ಬಲ ಪ್ರಯೋಗಿಸದೆ 10ರ ಒಳಗೆ ವೇಗ ತಗ್ಗುವ ತನಕ ಕಾಯುವುದು ಒಂದು ದಾರಿ. ಆಗ ಎರಡರಲ್ಲಿ ಸುಮಾರು 720 ಸುತ್ತಿಗೆ ಬಿದ್ದು ಬಂದ್ ಆಗಲಿದ್ದ ಎಂಜಿನ್ ಒಂದರಲ್ಲಿ 1,330ರ ಹಿತವಾದ ವೇಗಕ್ಕೆ ಬರುತ್ತದೆ. ಏರಿಯ ಮೇಲೆ ಕಾಯಲು ಸಮಯವಿಲ್ಲದಿದ್ದರೆ ಲಾರಿಯವರ ಡಬಲ್ ಕ್ಲಚ್ ಇಂದಿಗೂ ಕೈಹಿಡಿಯುತ್ತದೆ. ಸಿಂಕ್ರೊಮೆಶ್ ಇರುವ ಕಾರಿನಲ್ಲಿ ಅದು ವ್ಯರ್ಥವೆಂದು ಹೇಳುವವರು ಈ ಒಂದು ಗೇರನ್ನು ಮರೆತಿರುತ್ತಾರೆ.

ಅಂಥ ಏರಿಗೆ ಗದಗ ಸೀಮೆಯಲ್ಲಿ ದೂರ ಹೋಗಬೇಕಾಗಿಲ್ಲ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯನ್ನು ನೋಡಿಕೊಂಡು ಡೋಣಿಯ ಕಡೆಯಿಂದ ಕಪ್ಪತ ಮಲ್ಲೇಶ್ವರ ದೇವಸ್ಥಾನಕ್ಕೆ ಏರುವ ಕುಟುಂಬಗಳ ಕಾರುಗಳು, ಐದು ಜನ ಮತ್ತು ಬುತ್ತಿಯ ಗಂಟುಗಳೊಂದಿಗೆ, ಗಾಳಿಯಂತ್ರಗಳ ರೆಕ್ಕೆಗಳು ತಿರುಗುವ ಆ ಗುಡ್ಡದ ಮೇಲೆ ಕೆಳಗಿನ ಗೇರುಗಳ ನಿಜವಾದ ಬೆಲೆಯನ್ನು ಕಾಣುತ್ತವೆ. ಏರುವಾಗ ಸಾಮಾನ್ಯವಾಗಿ ಆಗುವ ತಪ್ಪು ತಡಮಾಡುವುದು. ಗಾಡಿ ಜಗ್ಗದಂತಾಗಿ, ಎಂಜಿನ್ ಕಟಕಟ ಎನ್ನಲು ಆರಂಭಿಸಿದ ಮೇಲೆ ಗೇರ್ ಇಳಿಸಲು ಹೋದರೆ, ಕ್ಲಚ್ ಒತ್ತಿದ ಅರೆಕ್ಷಣದಲ್ಲಿಯೇ ಏರಿಯು ಉಳಿದ ವೇಗವನ್ನೂ ನುಂಗಿಬಿಡುತ್ತದೆ, ಎರಡಕ್ಕೆ ಹಾಕುವಷ್ಟರಲ್ಲಿ ಒಂದು ಬೇಕಾಗಿರುತ್ತದೆ. ಎಂಜಿನ್ನಿನ ಸ್ವರ ಬಿಗಿಯಾಗುವ ಮೊದಲೇ ಇಳಿಸಿದವನಿಗೆ ಈ ಕಷ್ಟವಿಲ್ಲ. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು: ಕಪ್ಪತಗುಡ್ಡವು 2019ರಿಂದ ವನ್ಯಜೀವಿ ಧಾಮವಾಗಿದೆ, ಕೆಳಗಿನ ಗೇರಿನಲ್ಲಿ ಹಾರ್ನ್ ಇಲ್ಲದೆ ನಿಧಾನವಾಗಿ ಸಾಗುವ ಗಾಡಿ ಅಲ್ಲಿನ ಜೀವಿಗಳಿಗೂ ಒಳ್ಳೆಯದು.

ಇಳಿಯುವಾಗಿನ ವಿಷಯ ಇನ್ನೂ ಗಂಭೀರವಾದದ್ದು. ಜನ ತುಂಬಿದ 1,200 ಕಿಲೋ ತೂಕದ ಕಾರು 100 ಮೀಟರ್ ಎತ್ತರದಿಂದ ಕೆಳಗಿಳಿದಾಗ ಹೊರಬೀಳುವ ಶಕ್ತಿ ಮೂರೂವರೆ ಲೀಟರ್ ನೀರನ್ನು ಕುದಿಸಲು ಬೇಕಾಗುವಷ್ಟಿದೆ. ನ್ಯೂಟ್ರಲ್ಲಿನಲ್ಲಿ, ಬರಿಯ ಬ್ರೇಕಿನ ಮೇಲೆ ಇಳಿದರೆ ಈ ಬಿಸಿಯ ಬಹುಭಾಗ ಡಿಸ್ಕು, ಡ್ರಮ್ಮು, ಪ್ಯಾಡುಗಳಿಗೆ ಹೋಗುತ್ತದೆ. ಪ್ಯಾಡು ಅತಿಯಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ, ತೇವ ಹೀರಿಕೊಂಡ ಹಳೆಯ ಬ್ರೇಕ್ ಎಣ್ಣೆ ಕುದಿದರೆ ಪೆಡಲು ಬುಡದವರೆಗೆ ಕುಸಿಯುತ್ತದೆ. ಎರಡನೆಯ ಗೇರಿನಲ್ಲಿ ಇಳಿದರೆ ಎಂಜಿನ್ ತಾನೇ ಗಾಡಿಯನ್ನು ಹಿಂದಕ್ಕೆ ಹಿಡಿದು ಆ ಹೊರೆಯ ದೊಡ್ಡ ಪಾಲನ್ನು ಹೊರುತ್ತದೆ. ಇದಕ್ಕೆ ಎಂಜಿನ್ ಬ್ರೇಕಿಂಗ್ ಎಂದು ಹೆಸರು. ಎತ್ತಿನ ಬಂಡಿ ಹೂಡಿದ ನಾಡಿಗೆ ಇದು ಹೊಸ ತತ್ವವಲ್ಲ. ಇಳುಕಲಿನಲ್ಲಿ ಹೇರು ತುಂಬಿದ ಚಕ್ಕಡಿ ಮುಂದಕ್ಕೆ ನುಗ್ಗಿದಾಗ ಅದನ್ನು ತಡೆಯುವುದು ಕಾಲು ಊರಿ, ಕತ್ತು ಹಿಂದಕ್ಕೆ ಒಗೆದು ನೊಗವನ್ನು ತಾಳಿ ನಿಲ್ಲುವ ಎತ್ತುಗಳೇ. ಇಳುಕಲಿನ ನಡುವೆ ಎತ್ತಿನ ಕೊರಳಪಟ್ಟಿ ಬಿಚ್ಚುವ ರೈತನಿರಲಾರ. ಇಳುಕಲಿನಲ್ಲಿ ಕಾರನ್ನು ನ್ಯೂಟ್ರಲ್ ಮಾಡುವುದು ಅದಕ್ಕೆ ಸಮನಾದ ಕೆಲಸ. ಗೇರನ್ನು ಇಳುಕಲಿನ ನೆತ್ತಿಯಲ್ಲಿ, ವೇಗ ಇನ್ನೂ ಕಡಿಮೆಯಿರುವಾಗಲೇ ಇಳಿಸಿಕೊಂಡಿರಬೇಕು. ಏರಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಲೆಕ್ಕ ಈಗಲೂ ಸರಿಯಾದ ಲೆಕ್ಕ.

ನ್ಯೂಟ್ರಲ್ ಮಾಡಿದರೆ ಎಣ್ಣೆ ಉಳಿಯುತ್ತದೆ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ ಉಳಿಕೆ. ಇಂದಿನ ಇಂಧನ ಚಿಮ್ಮಿಸುವ ಎಂಜಿನ್ನುಗಳು, ಗೇರಿನಲ್ಲಿದ್ದು ಎಕ್ಸಿಲರೇಟರಿನಿಂದ ಕಾಲು ತೆಗೆದಾಗ, ಗಾಲಿಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿಯಾದರೆ ಎಂಜಿನ್ ಬಂದ್ ಆಗದಂತೆ ನೋಡಿಕೊಳ್ಳಲು ಇಂಧನ ಸುರಿಯುತ್ತಲೇ ಇರಬೇಕಾಗುತ್ತದೆ. ಗಾಡಿಯನ್ನೇ ಬಂದ್ ಮಾಡಿ ಇಳಿಯುವವರು ಬ್ರೇಕಿಗೆ ನೆರವಾಗುವ ನಿರ್ವಾತದ ಬಲವನ್ನೂ ಕಳೆದುಕೊಂಡಿರುತ್ತಾರೆ, ಅದು ಪ್ರಾಣಕ್ಕೆ ಎರವಾಗುವ ಉಳಿತಾಯ.

ಒರಟಾಗಿ ಗೇರ್ ಇಳಿಸುವುದರಿಂದ ಕ್ಲಚ್ ಸವೆಯುತ್ತದೆ, ಗಾಡಿ ಕುಕ್ಕುತ್ತದೆ ಎಂಬಷ್ಟಕ್ಕೆ ವಿಷಯ ಮುಗಿಯುವುದಿಲ್ಲ, ಈ ಸೀಮೆಯ ರಸ್ತೆಗಳಲ್ಲಂತೂ ಮುಗಿಯುವುದೇ ಇಲ್ಲ. ಸುಗ್ಗಿಯಲ್ಲಿ ತೊಗರಿ, ಕಡಲೆ, ಹುರುಳಿಗಳನ್ನು ಗಾಡಿಗಳು ತುಳಿಯಲೆಂದು ಡಾಂಬರಿನ ಮೇಲೆ ಹರಡುವ ರೂಢಿ ಇನ್ನೂ ಇದೆ. ಮಳೆ ಬಿದ್ದಾಗ ಹೊಲದಿಂದ ಹೊರಬರುವ ಟ್ರ್ಯಾಕ್ಟರಿನ ಗಾಲಿಗಳು ಎರಿ ಮಣ್ಣನ್ನು ರಸ್ತೆಗೆ ಹೊತ್ತು ತಂದು, ಸಾಬೂನು ಸವರಿದಂಥ ರಾಡಿಯನ್ನು ಮಾಡಿಡುತ್ತವೆ. ಒಣ ಡಾಂಬರಿನ ಮೇಲೆ ಬರಿಯ ಕುಕ್ಕಾಗಿ ಮುಗಿಯುವ ತಪ್ಪು ಕಾಳಿನ ಮೇಲೆ, ರಾಡಿಯ ಮೇಲೆ ಜಾರುವಿಕೆಯಾಗುತ್ತದೆ. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಗಾಲಿಗಳನ್ನು. ಕ್ಲಚ್ ಥಟ್ಟನೆ ಬಿಟ್ಟಾಗ ಎಂಜಿನ್ನಿನ ಹಿಡಿತ ಆ ಗಾಲಿಗಳ ಮೇಲೆ ಒಮ್ಮೆಲೇ ಬಿದ್ದು, ದಿಕ್ಕು ತಿರುಗಿಸಬೇಕಾದ ಗಾಲಿಗಳೇ ನೆಲದ ಹಿಡಿತ ಬಿಡುತ್ತವೆ. ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಬ್ರೇಕಿಗೆ ಸಂಬಂಧಿಸಿದ್ದೇ ಹೊರತು ಕ್ಲಚ್ಚಿನಿಂದ ಆಗುವ ಈ ತಪ್ಪನ್ನು ಅದು ತಿದ್ದಲಾರದು. ರೇಸ್ ಕೊಟ್ಟು ಗೇರ್ ಇಳಿಸುವ ವಿದ್ಯೆ ಇಲ್ಲಿ ಸೊಗಸಿನ ಮಾತಾಗಿ ಉಳಿಯದೆ ಸುರಕ್ಷತೆಯ ಮಾತಾಗುತ್ತದೆ.

ಕ್ಲಚ್ ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಳ್ಳುವುದು, ಹಂಪಿನ ಮೇಲೆ ಎರಡಕ್ಕೆ ಬದಲು ಮೂರರಲ್ಲೇ ಹಾಫ್ ಕ್ಲಚ್ ಹಿಡಿದು ದಾಟುವುದು, ಏರಿಯಲ್ಲಿ ಬ್ರೇಕಿಗೆ ಬದಲು ಕ್ಲಚ್ಚಿನಿಂದಲೇ ಗಾಡಿಯನ್ನು ತಡೆದು ನಿಲ್ಲಿಸುವುದು, ಇವೆಲ್ಲ ಗೇರ್ ಇಳಿಸಲು ಅಂಜುವವರ ಅಡ್ಡದಾರಿಗಳು. ಇವುಗಳ ಬೆಲೆ ಗ್ಯಾರೇಜಿನಲ್ಲಿ ಸುಟ್ಟ ಕ್ಲಚ್ ಪ್ಲೇಟಿನ ರೂಪದಲ್ಲಿ ತೆರಬೇಕಾಗುತ್ತದೆ. ಕ್ಲಚ್ ಪೆಡಲೇ ಇಲ್ಲದ ಆಟೊಮ್ಯಾಟಿಕ್ ಕಾರುಗಳು ಗದಗ ಜಿಲ್ಲೆಯ ಕೆಎ-26 ಫಲಕದೊಂದಿಗೂ ಈಗ ಕಾಣಸಿಗುತ್ತವೆ ಎಂಬುದು ನಿಜ. ಆದರೂ ಪೇಟೆಗೆ ಕಾಯಿಪಲ್ಲೆ ತರುವ ಸಣ್ಣ ಸರಕು ಗಾಡಿಗಳು, ಮದುವೆಗೆ ಜನ ಒಯ್ಯುವ ಜೀಪುಗಳು, ಕೈಬದಲಾಯಿಸಿ ಹಳ್ಳಿಗೆ ಬಂದ ಹಳೆಯ ಕಾರುಗಳು ಬಹುಮಟ್ಟಿಗೆ ಲಿವರ್ ಗೇರಿನವೇ. ಇನ್ನೂ ಬಹಳ ವರ್ಷ ಹಾಗೆಯೇ ಇರುತ್ತವೆ.

ಈ ವಿದ್ಯೆಯನ್ನು ಕಾನೂನು ಮರೆತಿಲ್ಲ ಎಂಬುದು ಹಲವರಿಗೆ ತಿಳಿಯದ ಸಂಗತಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ಚಾಲನಾ ಪರೀಕ್ಷೆಯಲ್ಲಿ ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕೆಂದು ಹೇಳುವಾಗ, ಮೇಲಿನ ಗೇರಿನವರೆಗೆ ಸಲೀಸಾಗಿ ಏರುವುದರ ಜೊತೆಗೆ, ವಾಹನ ಸಂಚಾರದ ಸ್ಥಿತಿ ಬಯಸಿದಾಗ ಮೇಲಿನ ಗೇರಿನಿಂದ ಕೆಳಗಿನ ಗೇರುಗಳಿಗೆ ಬೇಗ ಇಳಿಯುವುದನ್ನೂ, ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬೇಗ ಬದಲಿಸುವುದನ್ನೂ, ಕಡಿದಾದ ಏರಿನಲ್ಲಿ ಗಾಡಿಯನ್ನು ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸುವುದನ್ನೂ ಬೇರೆ ಬೇರೆಯಾಗಿಯೇ ಎಣಿಸಿದೆ. ನಿಯಮ ಇಷ್ಟು ಸ್ಪಷ್ಟವಾಗಿದ್ದರೂ ಕಲಿಕೆ ನಡೆಯುವುದು ಹೆಚ್ಚಾಗಿ ಸಮತಟ್ಟಾದ ಮೈದಾನದಲ್ಲಿ, ಒಂದರಿಂದ ಮೂರರವರೆಗಿನ ಗೇರುಗಳಲ್ಲಿ, ಎಂಟರ ಆಕಾರದಲ್ಲಿ ಗಾಡಿ ತಿರುಗಿಸುವುದರಲ್ಲಿ. ಗೇರ್ ಏರಿಸಲು ಕಲಿತವನನ್ನು ಅರ್ಧ ಕಲಿತವನೆಂದೇ ಲೆಕ್ಕ ಹಿಡಿಯಬೇಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಡ್ರೈವಿಂಗ್ ಕಲಿಸುವವರು ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಬೆಳಗಿನ ಹೊತ್ತನ್ನು ಇದಕ್ಕೆಂದೇ ಮೀಸಲಿಡಲಿ. ಗಾಡಿ ಕಡಿಮೆಯಿರುವ ಡಂಬಳದ ಆಚೆಯ ಏರಿನಲ್ಲಿ ಹತ್ತು ಸಲ ಮೂರರಿಂದ ಎರಡಕ್ಕೆ, ಐದು ಸಲ ಎರಡರಿಂದ ಒಂದಕ್ಕೆ ಇಳಿಸಿ ತೋರಿಸಿ, ಆಮೇಲೆ ಅವರ ಕೈಯಿಂದಲೇ ಮಾಡಿಸಲಿ.